ಆಕ್ಸ್‌ಫರ್ಡ್‌ನಿಂದ ಗಾಡ್‌ಸ್ಟೋಗೆ ನಡಿಗೆ: ಥೇಮ್ಸ್ ದಂಡೆಯ ಎರಡು ಹಳೇ ಪಬ್

ಆಕ್ಸ್‌ಫರ್ಡ್ ರೈಲು ನಿಲ್ದಾಣದಿಂದ ಬಾಟ್ಲಿ ರಸ್ತೆಯಲ್ಲಿ ಪಶ್ಚಿಮಕ್ಕೆ ಹೋದರೆ ಆಸ್ನಿ ಸೇತುವೆ. ಅದನ್ನು ದಾಟದೆ ಬಲಕ್ಕೆ ತಿರುಗಿ, ಹೊಳೆಯ ಹರಿವಿಗೆ ಎದುರಾಗಿ ನಡೆಯಿರಿ. ಮೆಡ್ಲಿಯ ಕಾಲುಸೇತುವೆ ಬಂದಾಗ ಪಶ್ಚಿಮ ದಂಡೆಗೆ ದಾಟಲೇಬೇಕು. ಹೆಚ್ಚಿನವರು ದಾರಿ ತಪ್ಪುವುದು ಇಲ್ಲೇ. ದನ, ಕುದುರೆ ಮೇಯುವ ಪೋರ್ಟ್ ಮೆಡೋ ಹುಲ್ಲುಗಾವಲಿನ ಕಡೆಗೆ ಹೋಗಿಬಿಟ್ಟರೆ, ಬಿನ್ಸಿಯ 'ಪರ್ಚ್' ಪಬ್ ಆಚೆ ದಂಡೆಯಲ್ಲೇ ಉಳಿಯುತ್ತದೆ. ಗಾಡ್‌ಸ್ಟೋದ 'ಟ್ರೌಟ್' ತನಕ ಒಟ್ಟು ಸುಮಾರು 4 ಕಿ.ಮೀ.

ಹೊಳೆ ಪಕ್ಕದಲ್ಲೇ ಪಬ್ ಏಕೆ? ಸರಕಿನ ದೋಣಿಗಳು ಕಾಯುತ್ತಿದ್ದುದು ಅಲ್ಲೇ. ಹಳೇ ಕಾಲದ ಅಡ್ಡಗಟ್ಟೆಗಳಲ್ಲಿ ಹಲಗೆಗಳನ್ನು ಒಂದೊಂದಾಗಿ ಎತ್ತಿ ನೀರು ಬಿಡುತ್ತಿದ್ದರು. ಕೆಳಗಿಳಿಯುವ ದೋಣಿ ಆ ರಭಸದಲ್ಲೇ ಹೋಗುತ್ತಿತ್ತು, ಮೇಲೇರುವುದನ್ನು ಹಗ್ಗ ಕಟ್ಟಿ ಎಳೆಯಬೇಕಿತ್ತು. ಮೆಡ್ಲಿಯಲ್ಲೂ ಅಂಥದ್ದೊಂದು ಇತ್ತು. ಸಾಕಷ್ಟು ನೀರು ನಿಲ್ಲುವವರೆಗೆ ಅಂಬಿಗರಿಗೆ ಬೇರೆ ಕೆಲಸವಿಲ್ಲ. 1844ರಲ್ಲಿ ಆಕ್ಸ್‌ಫರ್ಡ್‌ಗೆ ರೈಲು ಬಂದ ಮೇಲೆ ಸರಕು ಕಡಿಮೆಯಾಯಿತು. ವಿಹಾರಕ್ಕೆ ಬರುವವರು ಪಬ್‌ಗಳನ್ನು ಉಳಿಸಿದರು.

ಪರ್ಚ್‌ನ ಹುಲ್ಲಿನ ಮಾಡು ನೋಡಿ ಮೋಸ ಹೋಗಬೇಡಿ. 1977ರಲ್ಲಿ ಒಮ್ಮೆ, 2007ರಲ್ಲಿ ಮತ್ತೊಮ್ಮೆ ಬೆಂಕಿ ಬಿದ್ದ ಕಟ್ಟಡ ಅದು. ಹಳತನ ಬೇಕಿದ್ದರೆ ಟ್ರೌಟ್‌ನ ಕಲ್ಲುಹಲಗೆಯ ಮಾಡು ನೋಡಿ: ಸೂರಿನ ಬಳಿ ದೊಡ್ಡ ಹಲಗೆ, ಮೇಲೇರಿದಂತೆ ಚಿಕ್ಕದು. ಅದಕ್ಕೂ ಮುಂಚೆ, ಲಾಕ್ (ದೋಣಿಗಳನ್ನು ಏರಿಸಿ ಇಳಿಸುವ ಬಾಗಿಲುಕಟ್ಟೆ) ದಾಟಿದ ಕೂಡಲೇ, 1539ರಲ್ಲಿ ಮುಚ್ಚಿದ ಸನ್ಯಾಸಿನಿಯರ ಮಠದ ಪಾಳುಗೋಡೆ ಸಿಗುತ್ತದೆ.

ಸಾಮಾನ್ಯವಾಗಿ ಕೌಂಟರ್‌ನಲ್ಲೇ ಹೇಳಿ, ಅಲ್ಲೇ ದುಡ್ಡು ಕೊಡಬೇಕು. ಮೇಜಿನಲ್ಲಿ ಕೂತು ಕಾದರೆ ಯಾರೂ ಬರದೇ ಇರಬಹುದು. ಕೈಪಂಪಿನ ಏಲ್ (ಒಂದು ಬಗೆಯ ಬಿಯರ್) ತಂಪು 11ರಿಂದ 13 ಡಿಗ್ರಿ ಅಷ್ಟೇ. 'ಬಿಯರ್ ಬೆಚ್ಚಗಿದೆ' ಎಂದು ನಮ್ಮವರು ಗೊಣಗುವುದುಂಟು, ಆದರೆ ಇನ್ನೂ ತಣಿಸಿದರೆ ಅದರ ರುಚಿಯೇ ಮುಚ್ಚಿಹೋಗುತ್ತದೆ. ಒಂದು ಪೈಂಟ್ ಎಂದರೆ 568 ಮಿ.ಲೀ.; ಮೊದಲ ಸಲ ಅರ್ಧ ಸಾಕು. ಸಸ್ಯಾಹಾರಿಗಳು ಚಿಪ್ಸ್ (ಅಲ್ಲಿ ಹಾಗೆಂದರೆ ಬಿಸಿ ಫ್ರೆಂಚ್ ಫ್ರೈಸ್) ತೆಗೆದುಕೊಳ್ಳುವ ಮುಂಚೆ, ಮೀನು ಕರಿದ ಎಣ್ಣೆಯಲ್ಲೇ ಕರಿಯುತ್ತಾರಾ ಎಂದು ಕೇಳಿಬಿಡಿ. ಭಾನುವಾರ ಮಧ್ಯಾಹ್ನದ ಊಟಕ್ಕೆ ಮೊದಲೇ ಮೇಜು ಕಾದಿರಿಸಿ.

ಚಳಿಗಾಲದಲ್ಲಿ ಹುಲ್ಲುಗಾವಲು ಕೆರೆಯಂತಾಗುತ್ತದೆ, ದಂಡೆಯ ದಾರಿ ಕೆಸರಾಗುತ್ತದೆ, ಗಂಬೂಟು ಬೇಕು. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೇ ಕತ್ತಲು. ದಾರಿಯಲ್ಲಿ ದೀಪ ನೆಚ್ಚಬೇಡಿ. ತಡವಾದರೆ ಟ್ರೌಟ್ ಹತ್ತಿರದ ವುಲ್ವರ್‌ಕೋಟ್‌ಗೆ ನಡೆದು ಬಸ್ಸು ಹತ್ತಿ.