ಬಲ್ಬ್ ಬದಲಿಸುವ ಮೊದಲು ವೋಲ್ಟೇಜ್ ನೋಡಿ: ಹೆಡ್‌ಲೈಟ್ ಕೆಲಸದಲ್ಲಿ ಕಲಿತದ್ದು

ಕಾಸರಗೋಡು ಜಿಲ್ಲೆಯ ಮುಳ್ಳೇರಿಯ, ಅಡೂರು, ಬಂದಡ್ಕ ಕಡೆಯಿಂದ ವರ್ಕ್‌ಶಾಪಿಗೆ ಬರುವ ಬೈಕು, ಜೀಪುಗಳ ದೂರು ಹೆಚ್ಚಾಗಿ ಒಂದೇ. "ಲೈಟು ಸಾಲುವುದಿಲ್ಲ, ಪವರ್ ಜಾಸ್ತಿ ಇರುವ ಬಲ್ಬ್ ಹಾಕಿ." ಬೆಳಗಿನ ಜಾವ ರಬ್ಬರ್ ಟ್ಯಾಪಿಂಗಿಗೆ ಹೋಗುವವರು, ಡೈರಿಗೆ ಹಾಲು ಕೊಂಡುಹೋಗುವವರು, ಯಕ್ಷಗಾನ ಆಟ ನೋಡಿ ನಡುರಾತ್ರಿ ಮನೆಗೆ ಹೊರಡುವವರು ಕೇಳುವುದರಲ್ಲಿ ತಪ್ಪೇನಿಲ್ಲ. ಕಂಗಿನ (ಅಡಿಕೆ) ತೋಟದ ನಡುವಿನ ಕಿರಿದಾದ ದಾರಿಯಲ್ಲಿ ತಿರುವು ದಾಟಿದ ಕೂಡಲೇ ಕಾಡುಹಂದಿಯೋ ಕಾಟಿಯೋ (ಕಾಡುಕೋಣ) ನಿಂತಿರಬಹುದು. ಆದರೆ ಲೈಟು ಮಂಕಾಗಲು ಬಲ್ಬೇ ಕಾರಣವಾಗಿರುವುದು ಕಡಿಮೆ. ಈ ಕೆಲಸದಲ್ಲಿ ಬಲ್ಬ್ ಕೊನೆಗೆ ಮುಟ್ಟಬೇಕಾದ ವಸ್ತು.

ಮೊದಲು ಮಲ್ಟಿಮೀಟರ್ ತೆಗೆಯಿರಿ. ಎಂಜಿನ್ ಸ್ಟಾರ್ಟ್ ಮಾಡಿ ಸ್ವಲ್ಪ ರೇಸ್ ಕೊಟ್ಟು, ಹೆಡ್‌ಲೈಟ್ ಉರಿಯುತ್ತಿರುವಾಗಲೇ ಬ್ಯಾಟರಿಯ ಎರಡು ತುದಿಗಳಲ್ಲಿ ಎಷ್ಟಿದೆ ನೋಡಿ. ಚಾರ್ಜಿಂಗ್ ಸರಿ ಇದ್ದರೆ 13.8ರಿಂದ 14.4 ವೋಲ್ಟ್ ಇರುತ್ತದೆ. ಆಮೇಲೆ ಬಲ್ಬಿನ ಹೋಲ್ಡರನ್ನು ಬಿಚ್ಚದೆ, ಅದರ ಹಿಂಬದಿಯಿಂದ ಮೀಟರಿನ ವಯರಿನ ಚೂಪು ತುದಿ ತೂರಿಸಿ ಉರಿಯುತ್ತಿರುವ (ಕರೆಂಟು ಬರುವ) ಪಿನ್ನಿಗೂ ಅರ್ತ್ ಪಿನ್ನಿಗೂ ನಡುವೆ ಅಳೆಯಿರಿ. ಹೋಲ್ಡರ್ ಕಳಚಿ ಅಳೆದರೆ ಪ್ರಯೋಜನವಿಲ್ಲ. ಲೋಡ್ ಇಲ್ಲದಾಗ, ಅಂದರೆ ಬಲ್ಬ್ ಕರೆಂಟು ಎಳೆಯದಾಗ, ತುಕ್ಕು ಹಿಡಿದ ವಯರು ಕೂಡ ಪೂರ್ತಿ ವೋಲ್ಟೇಜನ್ನೇ ತೋರಿಸುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಎಡವುವುದು ಇಲ್ಲೇ.

ಬ್ಯಾಟರಿಯಲ್ಲಿ 14 ಇದ್ದು ಹೋಲ್ಡರಿನಲ್ಲಿ 12.4 ಬಂದರೆ 1.6 ವೋಲ್ಟ್ ದಾರಿಯಲ್ಲೇ ಹೋಯಿತು. ಕೇಳಲು ಸಣ್ಣ ಲೆಕ್ಕ. ಆದರೆ ಹ್ಯಾಲೋಜನ್ ಬಲ್ಬಿನಲ್ಲಿ ಬೆಳಕು ವೋಲ್ಟೇಜಿಗಿಂತ ಬಹಳ ವೇಗವಾಗಿ ಇಳಿಯುತ್ತದೆ, ಸುಮಾರು 3.4ನೇ ಘಾತದಲ್ಲಿ. 5 ಶೇಕಡಾ ಕಡಿಮೆಯಾದರೆ ಬೆಳಕು ಸುಮಾರು 16 ಶೇಕಡಾ ಇಳಿಯುತ್ತದೆ, 10 ಶೇಕಡಾ ಕಡಿಮೆಯಾದರೆ 30 ಶೇಕಡಾ. ಮೇಲಿನ 1.6 ವೋಲ್ಟಿನ ಲೆಕ್ಕದಲ್ಲಿ ಬೆಳಕಿನ ಮೂರನೇ ಒಂದು ಪಾಲು ರಸ್ತೆಗೆ ತಲುಪುವುದೇ ಇಲ್ಲ. ಅಂಥ ವಯರಿಂಗಿನಲ್ಲಿ ದೊಡ್ಡ ಬಲ್ಬ್ ಹಾಕಿದರೆ ಕರೆಂಟು ಹೆಚ್ಚು ಎಳೆಯುತ್ತದೆ, ಡ್ರಾಪ್ (ದಾರಿಯಲ್ಲಿ ಆಗುವ ವೋಲ್ಟೇಜ್ ನಷ್ಟ) ಇನ್ನೂ ಹೆಚ್ಚುತ್ತದೆ. ಬೆಳಕು ಅಷ್ಟಕ್ಕಷ್ಟೆ, ಡಿಮ್ ಸ್ವಿಚ್ ಕರಗುವುದು ಮಾತ್ರ ಗ್ಯಾರಂಟಿ.

ನಷ್ಟ ಎಲ್ಲಿ ಎಂದು ಹುಡುಕಲು ಬ್ಯಾಟರಿ ಪಾಸಿಟಿವಿನಿಂದ ಹೋಲ್ಡರಿನ ಉರಿಯುವ ಪಿನ್ನಿಗೆ ಒಮ್ಮೆ, ಬ್ಯಾಟರಿ ನೆಗೆಟಿವಿನಿಂದ ಅರ್ತ್ ಪಿನ್ನಿಗೆ ಒಮ್ಮೆ ಅಳೆಯಿರಿ. ಎರಡೂ ಸೇರಿ ಅರ್ಧ ವೋಲ್ಟಿನೊಳಗಿದ್ದರೆ ಚಿಂತೆ ಇಲ್ಲ. ನಮ್ಮ ಕಡೆ ಅರ್ತ್ ಬದಿಯದ್ದೇ ಕಾಟ ಜಾಸ್ತಿ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆ, ಮುರಕಲ್ಲಿನ ಕೆಂಪು ಕೆಸರು, ಕುಂಬಳೆ, ಉಪ್ಪಳದ ಕಡೆಯಾದರೆ ಕಡಲ ಉಪ್ಪುಗಾಳಿ ಎಲ್ಲ ಸೇರಿ ಬೋಲ್ಟಿನ ಅಡಿಯಲ್ಲಿರುವ ಲಗ್ಗನ್ನು (ವಯರಿನ ತುದಿಯ ಲೋಹದ ಬಳೆ) ಹಸಿರು ಪುಡಿ ಮಾಡಿಬಿಡುತ್ತವೆ. ಬೋಲ್ಟ್ ಬಿಚ್ಚಿ, ಬಾಡಿಯ ಪೇಂಟನ್ನು ಉಜ್ಜಿ ಹೊಳೆಯುವ ತಗಡು ಕಾಣಿಸಿ, ಹೊಸ ಲಗ್ ಹಾಕಿ ಬಿಗಿದು, ಮೇಲೆ ಗ್ರೀಸ್ ಸವರಿದರೆ ಎಷ್ಟೋ ಗಾಡಿಗಳ ಲೈಟು ಅಷ್ಟಕ್ಕೇ ಸರಿಯಾಗುತ್ತದೆ. ಗಿರಾಕಿಗೆ ಇದು ದೊಡ್ಡ ಕೆಲಸ ಅನ್ನಿಸುವುದಿಲ್ಲ, ಬಿಲ್ಲು ಮಾಡುವುದೂ ಕಷ್ಟ. ಆದರೂ ಇದೇ ಮೊದಲು.

ಜೀಪು, ಪಿಕಪ್‌ಗಳಿಗೆ ಆಮೇಲಿನ ಕೆಲಸ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚು. ಎಚ್4 ಬಲ್ಬ್ (ಹೈ ಬೀಮ್, ಲೋ ಬೀಮ್ ಎರಡೂ ಒಂದರಲ್ಲೇ ಇರುವ ಹ್ಯಾಲೋಜನ್) ಹೈಯಲ್ಲಿ 60 ವಾಟ್, ಲೋದಲ್ಲಿ 55 ವಾಟ್. ಎರಡು ಬಲ್ಬಿಗೆ 10 ಆಂಪಿಯರ್ ಎನ್ನಿ. ಹಳೆ ಗಾಡಿಗಳಲ್ಲಿ ಇದಷ್ಟೂ ಸ್ವಿಚ್ಚಿನ ಸಣ್ಣ ಕಾಂಟ್ಯಾಕ್ಟಿನ ಮೂಲಕವೇ ಹೋಗುತ್ತದೆ. 40 ಆಂಪಿಯರಿನ ಎರಡು ರಿಲೇ ತೆಗೆದುಕೊಳ್ಳಿ, ಹೈಗೆ ಒಂದು, ಲೋಗೆ ಒಂದು. ಬ್ಯಾಟರಿಯಿಂದ 2.5 ಚದರ ಮಿ.ಮೀ. ತಾಮ್ರದ ವಯರು ಹೊರಟು, ಬ್ಯಾಟರಿಯಿಂದ ಒಂದು ಗೇಣಿನೊಳಗೆ 15 ಆಂಪಿಯರ್ ಫ್ಯೂಸ್ ದಾಟಿ ರಿಲೇಯಲ್ಲಿ 30 ಎಂದು ನಂಬರಿರುವ ಪಿನ್ನಿಗೆ ಬರಬೇಕು. ಪ್ರತಿ ರಿಲೇಗೂ ಬೇರೆ ಫ್ಯೂಸ್ ಇರಲಿ. ಒಂದೇ ಇದ್ದರೆ ಅದು ಹೋದ ಕ್ಷಣ ಪೂರ್ತಿ ಕತ್ತಲೆ. 87ರಿಂದ ಹೊಸ ಸೆರಾಮಿಕ್ ಹೋಲ್ಡರಿಗೆ. ಹಳೆ ಹೋಲ್ಡರಿನ ಹೈ ಅಥವಾ ಲೋ ವಯರು 86ಕ್ಕೆ, 85 ಅರ್ತಿಗೆ. ರಿಲೇ ಕಾಯಿಲಿಗೆ ಬೇಕಾಗುವುದು 0.2 ಆಂಪಿಯರ್‌ಗಿಂತ ಕಡಿಮೆ, ಹಾಗಾಗಿ ಸ್ವಿಚ್ಚು ತಣ್ಣಗಿರುತ್ತದೆ. ಬಲ್ಬಿನ ಅರ್ತನ್ನೂ ಅದೇ ದಪ್ಪದ ವಯರಿನಲ್ಲಿ ನೇರ ಬ್ಯಾಟರಿ ನೆಗೆಟಿವಿಗೇ ಕೊಡಿ.

ವಯರಿನ ಬಣ್ಣ ನಂಬಬೇಡಿ, ಟೆಸ್ಟರಿನಿಂದಲೇ ಪಿನ್ ಗುರುತಿಸಿ. ಕೆಲವು ಗಾಡಿಗಳಲ್ಲಿ ಹೋಲ್ಡರಿನ ಮೂರು ಪಿನ್ನುಗಳಲ್ಲಿ ಹೈ, ಲೋ ಎರಡಕ್ಕೂ ಸೇರಿದ ಕಾಮನ್ ಪಿನ್ನಿಗೆ ಪಾಸಿಟಿವ್ ಇರುತ್ತದೆ, ಸ್ವಿಚ್ಚು ನೆಗೆಟಿವ್ ಕೊಡುತ್ತದೆ. ಅಲ್ಲಿ ಮೇಲಿನ ರೀತಿ ಜೋಡಿಸಿದರೆ ರಿಲೇ ಎಳೆಯುವುದೇ ಇಲ್ಲ. ಕಾಮನನ್ನು 86ಕ್ಕೂ ಸ್ವಿಚ್ಚಿನ ವಯರನ್ನು 85ಕ್ಕೂ ಕೊಡಬೇಕು. ರಿಲೇಯನ್ನು ಪಿನ್ ಕೆಳಗೆ ಬರುವಂತೆ ನಿಲ್ಲಿಸಿ, ಮೇಲಾದರೆ ಮಳೆನೀರು ಒಳಗಿಳಿದು ನಿಲ್ಲುತ್ತದೆ.

ಬೈಕಿನ ಕಥೆಯೇ ಬೇರೆ. ಸಣ್ಣ ಬೈಕುಗಳಲ್ಲಿ ಸಾಮಾನ್ಯವಾಗಿ ಇರುವುದು ಎಚ್‌ಎಸ್1, 35/35 ವಾಟ್. ಎಚ್4 ನೋಡಲು ಹಾಗೇ ಇರುವುದರಿಂದ ಕಿವಿ ಉಜ್ಜಿ ಕೂರಿಸುವವರಿದ್ದಾರೆ. ಕಾಯಿಲ್ ಪ್ಲೇಟ್ (ಎಂಜಿನ್ ತಿರುಗುವಾಗ ಕರೆಂಟು ಹುಟ್ಟಿಸುವ ಭಾಗ) ಕೊಡುವ ಕರೆಂಟು ಲೆಕ್ಕದ್ದು. 60 ವಾಟ್ ಅಲ್ಲೇ ತಿಂದರೆ ಬ್ಯಾಟರಿಗೆ ಉಳಿಯುವುದಿಲ್ಲ, ತಿಂಗಳೊಳಗೆ ಸೆಲ್ಫ್ ಎತ್ತುವುದಿಲ್ಲ. 2017ರ ಏಪ್ರಿಲಿನ ನಂತರದ ದ್ವಿಚಕ್ರಗಳಲ್ಲಿ ಹಗಲೂ ಲೈಟು ಉರಿಯುವುದರಿಂದ ಈ ಹೊರೆಗೆ ಬಿಡುವೇ ಇಲ್ಲ. ಮೇಲಾಗಿ ಪ್ಲಾಸ್ಟಿಕ್ ರಿಫ್ಲೆಕ್ಟರ್ ಗುಳ್ಳೆ ಏಳುತ್ತದೆ. ಐಡ್ಲಿಂಗಿನಲ್ಲಿ ಮಂಕಾಗಿ ರೇಸ್ ಕೊಟ್ಟರೆ ಬೆಳಗುವ ಹಳೆ ಬೈಕು ಬಂದರೆ ಮೀಟರನ್ನು ಎಸಿಗೆ ಹಾಕಿ ಹೋಲ್ಡರಿನಲ್ಲಿ ನೋಡಿ. ಎಸಿ ತೋರಿಸಿದರೆ ಅದರ ಲೈಟು ಬ್ಯಾಟರಿಯಿಂದಲ್ಲ, ಕಾಯಿಲಿನಿಂದ ನೇರ. ಅಲ್ಲಿ ಮಾಮೂಲು ರಿಲೇ ಕಟಕಟ ಎನ್ನುತ್ತದೆ, ಅಗ್ಗದ ಎಲ್‌ಇಡಿ ಮಿಣುಕಿ ಸಾಯುತ್ತದೆ. ಲೈಟನ್ನು ಬ್ಯಾಟರಿಯ ಡಿಸಿಗೆ ಬದಲಿಸಲೇಬೇಕೆಂದರೆ ಕಾಯಿಲಿನ ಅರ್ತ್ ತುದಿಯನ್ನು ಬಾಡಿಯಿಂದ ಬಿಡಿಸಿ, ಫುಲ್ ವೇವ್ ಆರ್‌ಆರ್ ಯೂನಿಟ್ (ಎಸಿಯನ್ನು ಡಿಸಿ ಮಾಡಿ ವೋಲ್ಟೇಜ್ ಹಿಡಿತದಲ್ಲಿಡುವುದು) ಹಾಕಬೇಕು. ಬರೇ ಆರ್‌ಆರ್ ಬದಲಿಸಿದರೆ ಆಗದು.

ಇನ್ನು ಬಲ್ಬಿಗೆ ಬರೋಣ. ಅದೇ 60/55 ವಾಟಿನಲ್ಲಿ ಫಿಲಮೆಂಟ್ ಬಿಗಿಯಾಗಿ ಸುತ್ತಿದ, ಹೆಚ್ಚು ಬೆಳಕಿನ ಹ್ಯಾಲೋಜನ್ ಸಿಗುತ್ತದೆ. ನನ್ನ ಆಯ್ಕೆ ಅದೇ. ಆಯುಸ್ಸು ಕಡಿಮೆ ಎಂದು ಮೊದಲೇ ಹೇಳಿಬಿಡಿ. ವೋಲ್ಟೇಜ್ 5 ಶೇಕಡಾ ಏರಿದರೆ ಬಲ್ಬಿನ ಆಯುಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಆದ್ದರಿಂದ ಪದೇ ಪದೇ ಬಲ್ಬ್ ಸುಡುವ ಗಾಡಿಯಲ್ಲಿ 14.8 ವೋಲ್ಟ್ ದಾಟುತ್ತಿದೆಯೇ ಎಂದು ರೆಗ್ಯುಲೇಟರ್ ನೋಡಬೇಕು. ಗಾಜನ್ನು ಕೈಯಿಂದ ಮುಟ್ಟಬಾರದು, ಬೆರಳಿನ ಎಣ್ಣೆ, ಬೆವರು ತಾಗಿದಲ್ಲಿ ಗಾಜು ವಿಪರೀತ ಕಾದು ಕೆಡುತ್ತದೆ. ತಾಗಿದ್ದರೆ ಸ್ಪಿರಿಟಿನಲ್ಲಿ ಒರೆಸಿ. 100/90 ವಾಟ್ ಕೇಳಿದವರಿಗೆ ಹಾಕಿಕೊಡುವುದಿಲ್ಲ. ಎರಡು ಬಲ್ಬಿಗೆ 16 ಆಂಪಿಯರ್ ದಾಟುತ್ತದೆ, ಹೋಲ್ಡರ್ ಕರಗುತ್ತದೆ, ಎದುರಿನವನ ಕಣ್ಣು ಕುರುಡಾಗುತ್ತದೆ.

ಎಲ್‌ಇಡಿ ಕೆಟ್ಟದ್ದೆಂದಲ್ಲ. ಎಚ್4ರ ರಿಫ್ಲೆಕ್ಟರನ್ನು ಫಿಲಮೆಂಟ್ ಇರುವ ಜಾಗ ನೋಡಿಯೇ ಮಾಡಿರುತ್ತಾರೆ, ಲೋ ಫಿಲಮೆಂಟಿನ ಅಡಿಯಲ್ಲಿ ಒಂದು ಸಣ್ಣ ತಗಡಿನ ಬಟ್ಟಲೂ ಇರುತ್ತದೆ. ಎಲ್‌ಇಡಿಯ ಬೆಳಗುವ ಚಿಪ್ಪು ಒಂದೆರಡು ಮಿಲಿಮೀಟರ್ ಆಚೀಚೆಯಾದರೂ ಕಿರಣ ಚೆದುರುತ್ತದೆ. ಹಾಕುವುದಾದರೆ ತೆಳು ಬೋರ್ಡಿನ ಎರಡೂ ಬದಿ ಚಿಪ್ ಇರುವುದನ್ನು, ಚಿಪ್ಪು ಎಡಕ್ಕೂ ಬಲಕ್ಕೂ ಮುಖ ಮಾಡುವಂತೆ ಕೂರಿಸಬೇಕು. ಹ್ಯಾಲೋಜನ್ ಇರುವಾಗಲೇ ಗೋಡೆಯಲ್ಲಿ ಲೋ ಬೀಮಿನ ಗೆರೆ (ಬೆಳಕು ಮುಗಿಯುವ ಮೇಲಂಚು) ಗುರುತು ಮಾಡಿಟ್ಟು, ಎಲ್‌ಇಡಿ ಹಾಕಿ ಹೋಲಿಸಿ. ಗೆರೆಯ ಮೇಲೆ ಬೆಳಕು ಚೆಲ್ಲಿದರೆ ವಾಪಸ್ ಕೊಟ್ಟುಬಿಡಿ. ಎಲ್‌ಇಡಿಯ ಹಿಂದಿನ ಫ್ಯಾನಿಗೆ ಜಾಗ ಸಾಲದೆಂದು ರಬ್ಬರ್ ಬೂಟ್ (ಬಲ್ಬಿನ ಹಿಂಬದಿಯ ಮುಚ್ಚಳ) ತೆಗೆದಿಟ್ಟರೆ ಒಂದೇ ಮಳೆಗಾಲದಲ್ಲಿ ರಿಫ್ಲೆಕ್ಟರ್ ಕಪ್ಪಾಗುತ್ತದೆ. ಹ್ಯಾಲೋಜನ್ ತನ್ನ ಬಿಸಿಯಿಂದ ಗಾಜಿನ ಒಳಗಿನ ತೇವ ಆರಿಸುತ್ತಿತ್ತು, ಎಲ್‌ಇಡಿ ಮುಂದಕ್ಕೆ ಬಿಸಿ ಕೊಡುವುದಿಲ್ಲ, ತೇವ ಅಲ್ಲೇ ನಿಲ್ಲುತ್ತದೆ. ಡೂಮಿನ (ಹೆಡ್‌ಲೈಟಿನ ಗೂಡು) ಅಡಿಯ ಗಾಳಿತೂತನ್ನು ಸಿಲಿಕೋನ್ ಹಾಕಿ ಮುಚ್ಚುವುದೂ ಇದೇ ಬಗೆಯ ಕೇಡು. ಕಾನೂನಿನ ಮಾತೂ ಇದೆ. ಅನುಮತಿಯಿಲ್ಲದ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 182ಎ ಪ್ರಕಾರ ಒಂದೊಂದಕ್ಕೂ 5,000 ರೂಪಾಯಿ ದಂಡ ಬೀಳಬಹುದು, ಸೆರೆವಾಸಕ್ಕೂ ಅವಕಾಶವಿದೆ.

ಹಳದಿಯಾದ ಪ್ಲಾಸ್ಟಿಕ್ ಲೆನ್ಸನ್ನು 1000, 2000, 3000 ನಂಬರಿನ ವಾಟರ್ ಪೇಪರಿನಲ್ಲಿ ಕ್ರಮವಾಗಿ ಉಜ್ಜಿ, ಕಾಂಪೌಂಡ್ ಹಾಕಿ, ಯುವಿ ಕ್ಲಿಯರ್ ಹೊಡೆಯಬೇಕು. ಟೂತ್‌ಪೇಸ್ಟಿನ ಹೊಳಪು ಕೆಲವು ವಾರದ್ದು. ಒಳಗಿನ ರಿಫ್ಲೆಕ್ಟರನ್ನು ಮಾತ್ರ ಬಟ್ಟೆಯಿಂದ ಒರೆಸಲೇಬೇಡಿ, ಬೆಳ್ಳಿಯಂತೆ ಕಾಣುವ ಅಲ್ಯೂಮಿನಿಯಂ ಪದರ ಬಟ್ಟೆಯಲ್ಲೇ ಬಂದುಬಿಡುತ್ತದೆ.

ಎಲ್ಲ ಮುಗಿದ ಮೇಲೆ ಲೈಟು ಸೆಟ್ ಮಾಡದೆ ಗಾಡಿ ಹೊರಗೆ ಬಿಡಬೇಡಿ. ಸಮ ನೆಲ, ಟಯರಿಗೆ ಸರಿ ಗಾಳಿ, ಸವಾರ ಸೀಟಿನಲ್ಲಿ, ಗೋಡೆ 5 ಮೀಟರ್ ದೂರ. ಬಲ್ಬಿನ ನಡುಮಟ್ಟಕ್ಕಿಂತ 5 ಸೆಂ.ಮೀ. ಕೆಳಗೆ ಲೋ ಬೀಮಿನ ಗೆರೆ ಬರಬೇಕು. ಲೈಟು 70 ಸೆಂ.ಮೀ. ಎತ್ತರದಲ್ಲಿದ್ದರೆ ಆಗ ಕಿರಣ ನೆಲ ಮುಟ್ಟುವುದು 70 ಮೀಟರ್ ಆಚೆ. ಅದೇ 15 ಸೆಂ.ಮೀ. ಕೆಳಗಿದ್ದರೆ 23 ಮೀಟರ್ ಅಷ್ಟೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಅದು ಎರಡು ಸೆಕೆಂಡಿನ ದಾರಿ. ಜೀಪಿನ ಲೈಟಿನಲ್ಲಿ ಗೆರೆಯ ಎಡತುದಿ ಸ್ವಲ್ಪ ಮೇಲಕ್ಕೆ ಏರಿರಬೇಕು, ರಸ್ತೆಯ ಎಡ ಅಂಚು ಕಾಣುವುದು ಅದರಿಂದಲೇ. ಇಡೀ ಗೆರೆಯೇ ಒಂದು ಬದಿಗೆ ವಾಲಿದ್ದರೆ ಬಲ್ಬಿನ ಕಿವಿ ಅದರ ಕಚ್ಚಿನಲ್ಲಿ ಕೂತಿಲ್ಲ, ಕ್ಲಿಪ್ ಬಿಚ್ಚಿ ಮತ್ತೆ ಕೂರಿಸಿ. ಹಿಂದೆ ಅಡಿಕೆ ಮೂಟೆ ಹೇರುವ ಪಿಕಪ್ ಆದರೆ ಲೋಡ್ ಇರುವಾಗಲೇ ಸೆಟ್ ಮಾಡಿ, ಮೂತಿ ಎದ್ದು ಬೆಳಕು ಮರದ ತುದಿಗೆ ಹೋಗುವುದು ತಪ್ಪುತ್ತದೆ.

ಪಾಣತ್ತೂರಿನಿಂದ ಭಾಗಮಂಡಲಕ್ಕೆ ಏರುವ ದಾರಿಯ, ರಾಣಿಪುರಂ ಕಡೆಯ ಮಂಜಿಗೆ ಇದ್ಯಾವುದೂ ಮದ್ದಲ್ಲ. ಅಲ್ಲಿ ಹೈ ಬೀಮ್ ಹಾಕಿದರೆ ಬಿಳಿ ಗೋಡೆಯೊಂದೇ ಕಾಣುವುದು. ಬಂಪರಿಗಿಂತ ಕೆಳಗೆ ಅಗಲ ಕಿರಣದ ಫಾಗ್ ಲ್ಯಾಂಪ್ ಜೋಡಿ, ಅದಕ್ಕೆ ಬೇರೆ ರಿಲೇ, ಬೇರೆ ಫ್ಯೂಸ್. ಬೆಳಕು ಕಣ್ಣಿನ ಮಟ್ಟದಿಂದ ಎಷ್ಟು ಕೆಳಗೆ ಹೊರಡುತ್ತದೋ ಅಷ್ಟು ಕಡಿಮೆ ವಾಪಸ್ ಹೊಡೆಯುತ್ತದೆ. ಹಳದಿ ಕಣ್ಣಿಗೆ ಹಿತ. ಆದರೆ ಮಾಮೂಲು ಬಲ್ಬಿಗೆ ಹಳದಿ ಫಿಲ್ಮ್ ಅಂಟಿಸಿದರೆ ಇರುವ ಬೆಳಕೂ ಕಡಿಮೆಯಾಗುತ್ತದೆ.

ಒಂದು ವಾರ ಓಡಿದ ಮೇಲೆ ಗಾಡಿ ಮತ್ತೆ ತರಿಸಿ. ಅರ್ಧ ಗಂಟೆ ಲೈಟು ಉರಿಸಿ ಫ್ಯೂಸ್ ಹೋಲ್ಡರ್, 30ನೇ ಪಿನ್, ಅರ್ತ್ ಲಗ್ ಮೂರನ್ನೂ ಬೆರಳಿನಿಂದ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿಯಿದ್ದರೆ ಆ ಕ್ರಿಂಪ್ (ವಯರಿಗೆ ಒತ್ತಿ ಕೂರಿಸಿದ ಜಾಯಿಂಟು) ಕತ್ತರಿಸಿ ಹೊಸದಾಗಿ ಹಾಕಬೇಕು.