ಪೆಟ್ಟು ಗದ್ದಕ್ಕೆ, ಮುರಿದದ್ದು ಕಿವಿ ಹತ್ತಿರ

ಹೋದ ಮಳೆಗಾಲದಲ್ಲಿ ಒಂದು ರಾತ್ರಿ ನಾಗರಬಾವಿ ಕಡೆಯಿಂದ ಮನೆಗೆ ಬರುವಾಗ ಸ್ಕೂಟರನ್ನು ಗುಂಡಿಗೆ ಇಳಿಸಿದೆ. ನೀರು ನಿಂತಿತ್ತು, ರಸ್ತೆ ಯಾವುದು ಗುಂಡಿ ಯಾವುದು ಗೊತ್ತಾಗಲಿಲ್ಲ. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಬಿಡಿ. ಹೆಲ್ಮೆಟ್ ಇತ್ತು. ಆದರೆ ಟ್ರಾಫಿಕ್ ಪೊಲೀಸರಿಗೆ ತೋರಿಸೋಕೆ ಅಂತಲೇ ತಗೊಂಡಿದ್ದ, ಬೋಗುಣಿ ಥರದ ಅರ್ಧ ಹೆಲ್ಮೆಟ್. ತಲೆಗೆ ಏನೂ ಆಗಲಿಲ್ಲ, ಗದ್ದ ನೇರವಾಗಿ ರಸ್ತೆಗೆ ಬಡಿಯಿತು.

ಹತ್ತಿರದಲ್ಲೇ ಸಿಕ್ಕ ಒಂದು ನರ್ಸಿಂಗ್ ಹೋಮಿನಲ್ಲಿ ಗದ್ದದ ಕೆಳಗೆ ನಾಲ್ಕು ಹೊಲಿಗೆ ಹಾಕಿದರು, ಟಿಟಿ ಕೊಟ್ಟರು, ನೋವಿನ ಮಾತ್ರೆ ಬರೆದರು. ಊತ ಇಳಿದ ಮೇಲೆ ಸರಿಹೋಗುತ್ತೆ ಅಂದರು. ಬಾಯಿ ತೆಗೆದು ಮುಚ್ಚಿ ಅಂತ ಯಾರೂ ಹೇಳಲಿಲ್ಲ. ನನಗೂ ಅದು ಹೊಳೆಯಲಿಲ್ಲ, ಮೊಣಕೈ ತರಚಿದ್ದೇ ಆಗ ದೊಡ್ಡ ನೋವಾಗಿತ್ತು.

ಬೆಳಿಗ್ಗೆ ತಟ್ಟೆಯಲ್ಲಿ ಇಡ್ಲಿ. ಇಡ್ಲಿ ಕಚ್ಚೋಕೆ ಬರಲಿಲ್ಲ! ನೋವನ್ನು ಹೇಗೋ ತಡೆಯಬಹುದಿತ್ತು, ಆದರೆ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಕೂಡುತ್ತಲೇ ಇರಲಿಲ್ಲ, ಯಾರದ್ದೋ ಕೆಳದವಡೆಯನ್ನು ತಂದು ನನ್ನ ಬಾಯಿಗೆ ಸಿಕ್ಕಿಸಿದ ಹಾಗೆ. ಕೆಳತುಟಿಯ ಎಡಭಾಗ ಜೋಮು ಹಿಡಿದಿತ್ತು. "ರೀ, ಬಾಯಿ ತೆಗೆದ್ರೆ ನಿಮ್ಮ ಗದ್ದ ಬಲಕ್ಕೆ ಸೊಟ್ಟ ಹೋಗ್ತಿದೆ, ಕನ್ನಡಿ ನೋಡ್ಕೊಳ್ಳಿ" ಅಂದಳು ಹೆಂಡತಿ. ಮೇಲಿನ ಮನೆಯ ಹುಡುಗಿ ಬಿಡಿಎಸ್ ಓದುತ್ತಾಳೆ, ಅವಳು ಮೊಬೈಲ್ ಟಾರ್ಚ್ ಹಿಡಿದು ಒಂದು ನಿಮಿಷ ನೋಡಿದಳು. "ಅಂಕಲ್, ಇದು ಬರೀ ಊತ ಅಲ್ಲ. ಈಗಲೇ ಹೊರಡಿ."

ಯಾವ ಡಾಕ್ಟರ ಹತ್ತಿರ ಹೋಗಬೇಕು ಅನ್ನೋದೇ ನನಗೆ ಗೊತ್ತಿರಲಿಲ್ಲ. ಮೂಳೆ ಡಾಕ್ಟರಾ, ಇಎನ್‌ಟಿನಾ? ಇದಕ್ಕೆ ಮ್ಯಾಕ್ಸಿಲೋಫೇಷಿಯಲ್ ಸರ್ಜನ್ ಅಂತಲೇ ಇರುತ್ತಾರೆ. ಬಿಡಿಎಸ್ ಮುಗಿಸಿ ಆಮೇಲೆ ಮೂರು ವರ್ಷ ಎಂಡಿಎಸ್‌ನಲ್ಲಿ ದವಡೆ, ಮುಖದ ಮೂಳೆಗಳ ಆಪರೇಷನ್ನನ್ನೇ ಕಲಿತು ಬಂದವರು. ಹಲ್ಲಿನ ಡಾಕ್ಟರ್ ಅಂದರೆ ಹಲ್ಲು ಕೀಳೋರು ಅಂದುಕೊಂಡಿದ್ದ ನನ್ನಂಥವರಿಗೆ ಇದು ಹೊಸ ಸುದ್ದಿ.

ಎಕ್ಸ್‌ರೇ, ಸಿಟಿ ಎರಡೂ ಆಯಿತು. ಎರಡು ಕಡೆ ಮುರಿದಿತ್ತು. ಒಂದು ಗದ್ದದ ಎಡಗಡೆ, ಇನ್ನೊಂದು ಬಲಗಿವಿಯ ಮುಂದೆ, ದವಡೆ ತಲೆಬುರುಡೆಗೆ ಸೇರುವ ಕೀಲಿನ ಹತ್ತಿರ. ಅಲ್ಲಿ ಪೆಟ್ಟೇ ಬಿದ್ದಿರಲಿಲ್ಲವಲ್ಲ ಅಂದೆ. ಸರ್ಜನ್ ಮೇಡಂ ತಮ್ಮ ಕೈ ಬಳೆ ತೋರಿಸಿ, "ಇದನ್ನ ಒಂದೇ ಕಡೆ ಮುರಿಯೋಕಾಗುತ್ತಾ?" ಅಂತ ಕೇಳಿದರು. ಕೆಳದವಡೆ, ಅದರ ಎರಡು ಕೀಲು, ಮೇಲಿನ ಬುರುಡೆ ಎಲ್ಲಾ ಸೇರಿ ಒಂದು ಬಳೆ ಇದ್ದ ಹಾಗೆ. ಗದ್ದಕ್ಕೆ ಬಿದ್ದ ಏಟು ಮೂಳೆಯೊಳಗೇ ಸಾಗಿ ಸಣ್ಣ ಕತ್ತಿರುವ ಕೀಲಿನ ಹತ್ತಿರ ಲಟ್ಟನೆ ಮುರಿಯುತ್ತದೆ. ಗದ್ದದ ಗಾಯಕ್ಕೆ ಹೊಲಿಗೆ ಹಾಕಿ ಕಳಿಸಿದಾಗ ತಪ್ಪಿಹೋಗೋದು ಇದೇ. ಮಕ್ಕಳು ಗದ್ದ ಊರಿ ಬಿದ್ದಾಗಲೂ ಹೀಗೇ ಆಗುತ್ತಂತೆ, ಅದು ಗೊತ್ತಾಗದೆ ಹೋದರೆ ಕೆಲವರಿಗೆ ಕೀಲು ಬೆಸೆದುಕೊಂಡು ಬಾಯಿಯೇ ತೆರೆಯದಂತೆ ಆಗುತ್ತಂತೆ.

ಆಪರೇಷನ್ ದಿನ ಅರಿವಳಿಕೆಯ ನಳಿಕೆಯನ್ನು ಮೂಗಿನಿಂದ ಹಾಕಿದರು. ಬಾಯಿಂದ ಯಾಕಲ್ಲ ಅಂದರೆ, ಈ ಆಪರೇಷನ್ನಿಗೆ ಅಳತೆಗೋಲೇ ಹಲ್ಲು. ಮೊದಲು ಹಲ್ಲುಗಳಿಗೆ ಕಂಬಿಪಟ್ಟಿ ಕಟ್ಟಿ, ಮೇಲಿನದಕ್ಕೆ ಕೆಳಗಿನದನ್ನು ಹಿಂದೆ ಹೇಗಿತ್ತೋ ಹಾಗೆ ಕೂಡಿಸಿ ಬಿಗಿಯುತ್ತಾರೆ. ಹಲ್ಲು ಕೂಡಿತು ಅಂದರೆ ಮೂಳೆ ತನ್ನ ಜಾಗಕ್ಕೆ ಬಂತು ಅಂತ ಲೆಕ್ಕ. ಆಮೇಲೆ ತುಟಿಯ ಒಳಗಿಂದ ಕೊಯ್ದು, ಮುರಿದ ಕಡೆ ಟೈಟಾನಿಯಂ ಪ್ಲೇಟು ಇಟ್ಟು ಸ್ಕ್ರೂ ಹಾಕುತ್ತಾರೆ. ನನಗೆ ಎರಡು ಪ್ಲೇಟು. ಹೊರಗೆ ಗುರುತೇ ಇಲ್ಲ, ಇರುವ ಗುರುತು ಆ ಮೊದಲ ರಾತ್ರಿಯ ಹೊಲಿಗೆಯದ್ದು. ಹಿಂದೆಲ್ಲಾ ನಾಲ್ಕರಿಂದ ಆರು ವಾರ ಹಲ್ಲಿಗೆ ಹಲ್ಲು ತಂತಿಯಲ್ಲಿ ಕಟ್ಟಿ ಬಾಯಿ ಮುಚ್ಚಿಯೇ ಬಿಡುತ್ತಿದ್ದರು. 1970ರ ದಶಕದಲ್ಲಿ ಫ್ರಾನ್ಸಿನ ಮಿಶೆಲೆ, ಶಾಂಪಿ ಅನ್ನೋ ಸರ್ಜನ್‌ಗಳು ಇಂಥ ಚಿಕ್ಕ ಪ್ಲೇಟನ್ನು ಎಲ್ಲಿ ಕೂರಿಸಿದರೆ ದವಡೆಯ ಎಳೆತ ತಡೆಯುತ್ತೆ ಅಂತ ಕಂಡುಕೊಂಡ ಮೇಲೆ ಆ ಸೆರೆವಾಸ ಕಮ್ಮಿಯಾಗಿದೆ. ಕೀಲಿನ ಹತ್ತಿರದ ಮುರಿತಕ್ಕೆ ನನಗೆ ಕೊಯ್ಯಲಿಲ್ಲ, ಎರಡು ವಾರ ಕಂಬಿಗಳಿಗೆ ರಬ್ಬರ್ ಹಾಕಿ ದಾರಿಗೆ ತಂದರು. ವಾಂತಿ ಬಂದರೆ ತಕ್ಷಣ ಕತ್ತರಿಸಿ ಅಂತ ಒಂದು ಪುಟ್ಟ ಕತ್ತರಿ ಕೊಟ್ಟಿದ್ದರು. ನನ್ನ ಹೆಂಡತಿ ಅದನ್ನು ದಾರದಲ್ಲಿ ಮಂಚದ ಕಾಲಿಗೆ ಕಟ್ಟಿದ್ದಳು.

ವಾರ್ಡಿನಲ್ಲಿ ಪಕ್ಕದ ಬೆಡ್ಡಿನಲ್ಲಿ ಮಾಗಡಿ ಕಡೆಯ ಒಬ್ಬರು ಯಜಮಾನರಿದ್ದರು. ಅವರದು ಮುರಿತ ಅಲ್ಲ, ಕೀವು. ಕೆಳಗಿನ ಬುದ್ಧಿಹಲ್ಲು ನೋಯುತ್ತಿತ್ತು, ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಕೇಳಿ ಮಾತ್ರೆ ನುಂಗಿದ್ದರು, ಬಿಸಿ ಉಪ್ಪಿನ ಗಂಟಿನಲ್ಲಿ ಕಾವು ಕೊಟ್ಟಿದ್ದರು. ಶುಗರ್ ಬೇರೆ. ಒಂದು ರಾತ್ರಿ ಗದ್ದದ ಕೆಳಗೆ ಎರಡೂ ಕಡೆ ಕಲ್ಲಿನ ಹಾಗೆ ಊದಿ, ನಾಲಿಗೆ ಮೇಲೆದ್ದು, ಎಂಜಲು ನುಂಗೋಕೂ ಆಗದೆ, ಮಲಗಿದರೆ ಉಸಿರು ಕಟ್ಟಿತಂತೆ. ಇದಕ್ಕೆ ಲುಡ್ವಿಗ್ಸ್ ಆಂಜೈನಾ ಅಂತ ಹೆಸರು, 1836ರಲ್ಲಿ ಲುಡ್ವಿಗ್ ಅನ್ನೋ ಜರ್ಮನ್ ಡಾಕ್ಟರು ಬರೆದಿಟ್ಟ ಕಾಯಿಲೆ. ಇದರಲ್ಲಿ ಮೊದಲು ಪ್ರಾಣ ತೆಗೆಯೋದು ಉಸಿರಿನ ದಾರಿ ಮುಚ್ಚಿಕೊಳ್ಳೋದು. ಹಾಗಾಗಿ ಮೊದಲು ಉಸಿರಿಗೆ ವ್ಯವಸ್ಥೆ, ಆಮೇಲೆ ಗದ್ದದ ಕೆಳಗೆ ಕೊಯ್ದು ಸೋರಲು ರಬ್ಬರ್ ನಳಿಕೆ ಇಟ್ಟು, ಹಲ್ಲನ್ನೂ ಕಿತ್ತರು. ಕೀವು ಕಟ್ಟಿದ ಜಾಗಕ್ಕೆ ಮಾತ್ರೆ ಸರಿಯಾಗಿ ತಲುಪೋದಿಲ್ಲ, ಕೊಯ್ದು ಹೊರಗೆ ಹರಿಸಲೇಬೇಕು. "ಹಲ್ಲಿಗೋಸ್ಕರ ಯಾರು ಬೆಂಗ್ಳೂರಿಗೆ ಬತ್ತಾರೆ ಅಂದ್ಕೊಂಡೆ ಕಣಪ್ಪ" ಅಂದರು ನನಗೆ, ಕತ್ತಿನ ಬ್ಯಾಂಡೇಜು ಮುಟ್ಟಿಕೊಂಡು.

ಕಿಟಕಿ ಪಕ್ಕ ಇಪ್ಪತ್ತರ ಹುಡುಗ. ದವಡೆಯಲ್ಲಿ ಅಮೆಲೋಬ್ಲಾಸ್ಟೋಮಾ ಅನ್ನೋ ಗೆಡ್ಡೆ. ಕ್ಯಾನ್ಸರ್ ಅಲ್ಲ, ಆದರೂ ಬರೀ ಕೆರೆದು ತೆಗೆದರೆ ಮತ್ತೆ ಬರುವ ಹಟಮಾರಿ. ಮೂಳೆಯನ್ನೇ ತುಂಡು ತೆಗೆದು, ಆ ಜಾಗಕ್ಕೆ ಮೊಣಕಾಲಿನ ಕೆಳಗಿರುವ ಫಿಬುಲಾ ಅನ್ನೋ ತೆಳು ಮೂಳೆಯನ್ನು ರಕ್ತನಾಳದ ಸಮೇತ ತಂದು ಕೂರಿಸೋದು. 1989ರಲ್ಲಿ ಹಿಡಾಲ್ಗೋ ಅನ್ನೋ ಅಮೆರಿಕದ ಸರ್ಜನ್ ದವಡೆಗೆ ಇದನ್ನು ಬಳಸಿದ್ದನ್ನು ಪ್ರಕಟಿಸಿದರು. ನೇರ ಮೂಳೆಯನ್ನು ತುಂಡು ತುಂಡಾಗಿ ಕೊಯ್ದು ದವಡೆಯ ಬಾಗಿಗೆ ಹೊಂದಿಸಿ, ಕತ್ತಿನ ರಕ್ತನಾಳಕ್ಕೆ ಮೈಕ್ರೋಸ್ಕೋಪಿನ ಕೆಳಗೆ ಹೊಲಿಯುತ್ತಾರೆ. ಹುಡುಗನ ಅಮ್ಮ ಒಂದೇ ಪ್ರಶ್ನೆಯನ್ನು ಬಂದ ಡಾಕ್ಟರಿಗೆಲ್ಲಾ ಕೇಳುತ್ತಿದ್ದರು: "ಕಾಲ್ ಮೂಳೆ ತೆಗೆದ್ರೆ ನಡೆಯೋದು ಹೆಂಗೆ ಸಾರ್?" ಮೈಭಾರ ಹೊರೋದು ಪಕ್ಕದ ದಪ್ಪ ಮೂಳೆ, ಇದರ ಎರಡು ತುದಿಗಳನ್ನು ಮೊಣಕಾಲು, ಹರಡಿನ ಹತ್ತಿರ ಉಳಿಸಿಯೇ ತೆಗೆಯುತ್ತೇವೆ ಅಂತ ಅವರೂ ಪ್ರತಿ ಸಲ ಹೇಳುತ್ತಿದ್ದರು. ನಾನು ಡಿಸ್ಚಾರ್ಜ್ ಆದ ದಿನ ಅವನ ಆಪರೇಷನ್ ಇನ್ನೂ ಆಗಿರಲಿಲ್ಲ.

ಮನೆಯಲ್ಲಿ ಊಟ ಅಂದರೆ ರಾಗಿ ಗಂಜಿ, ಬೇಳೆ ಕಟ್ಟು, ಮಿಕ್ಸಿಯಲ್ಲಿ ತಿರುವಿದ ಅನ್ನ ಸಾರು. ಮಿಕ್ಸಿಗೆ ಹಾಕಿದ ಬಿಸಿಬೇಳೆಬಾತ್ ಮಾತ್ರ ಯಾವ ಶತ್ರುವಿಗೂ ಬೇಡ. ಆರು ಕೆಜಿ ಇಳಿದೆ. ರಬ್ಬರ್ ತೆಗೆದ ಮೇಲೆ ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ಮಧ್ಯೆ ಇಟ್ಟು ಬಾಯಿ ಅಗಲಿಸುವ ಕಸರತ್ತು. ನಮ್ಮದೇ ಮೂರು ಬೆರಳು ಒಳಗೆ ಹೋದರೆ ಪಾಸು. ನಾನು ಒಂದೂವರೆ ಬೆರಳಿನಿಂದ ಶುರು ಮಾಡಿ ಅಲ್ಲಿಗೆ ಬರೋಕೆ ಎರಡು ತಿಂಗಳು ತಗೊಂಡೆ. ಈ ಕಸರತ್ತಿನ ಸೋಮಾರಿತನ ಮಾತ್ರ ಮಾಡಬೇಡಿ, ಆಪರೇಷನ್ನಿಗಿಂತ ಜಾಸ್ತಿ ನಾನು ಬೈದುಕೊಂಡದ್ದು ಇದನ್ನೇ.

ಈಗ ಕೋಡುಬಳೆ ತಿನ್ನುತ್ತೇನೆ, ಬಲಗಡೆ ಸ್ವಲ್ಪ ಕಟ್ ಅನ್ನುತ್ತೆ. ಹೆಲ್ಮೆಟ್ ಬದಲಾಗಿದೆ, ಗದ್ದ ಮುಚ್ಚುವಂಥದ್ದು, ಬೇಸಿಗೆಯಲ್ಲಿ ಕುಕ್ಕರ್ ಒಳಗೆ ಕೂತ ಹಾಗೆ ಆದರೂ ಹಾಕುತ್ತೇನೆ. ತುಟಿಯ ಜೋಮು ಮುಕ್ಕಾಲು ಪಾಲು ಹೋಗಿದೆ. ಒಂದು ರೂಪಾಯಿ ನಾಣ್ಯದಷ್ಟು ಜಾಗ ಇನ್ನೂ ಎಚ್ಚರ ಆಗಿಲ್ಲ, ಕಾಫಿ ಅಲ್ಲಿಂದ ಇಳಿದರೆ ನನಗೆ ಗೊತ್ತೇ ಆಗೋದಿಲ್ಲ. ಮಗಳು ಓದುತ್ತಾ ಕೂತಲ್ಲಿಂದಲೇ ತಲೆ ಎತ್ತದೆ "ಅಪ್ಪಾ, ಎಡಗಡೆ" ಅನ್ನುತ್ತಾಳೆ, ನಾನು ಒರೆಸಿಕೊಳ್ಳುತ್ತೇನೆ.