ಅರ್ಧ ಮಾತ್ರೆ, ಕಾಲು ಮಾತ್ರೆ

ಒಮ್ಮೆ ರಾತ್ರಿ ಮಗಳಿಗೆ ಜ್ವರ ಬಂದಾಗ ಮನೆಯಲ್ಲಿ ಸಿರಪ್ ಖಾಲಿಯಾಗಿತ್ತು. ದೊಡ್ಡವರ ಮಾತ್ರೆಯನ್ನೇ ಅಂದಾಜಿನಲ್ಲಿ ಕತ್ತರಿಸಿ, ಎರಡು ಚಮಚದ ನಡುವೆ ಪುಡಿ ಮಾಡಿ, ಸಕ್ಕರೆ ನೀರಿನಲ್ಲಿ ಕಲಸಿ ಕೊಟ್ಟೆ. ಬಾಯಿಗೆ ಹೋದ ತಕ್ಷಣ ಉಗಿದಳು. ಹೊಟ್ಟೆಗೆ ಎಷ್ಟು ಸೇರಿತೋ ಗೊತ್ತಾಗಲಿಲ್ಲ.

ನನಗೆ ಅದು ಒಂದೇ ರಾತ್ರಿಯ ಪಾಡು. ಟಿಬಿ ಇರುವ ಮಗುವಿನ ತಾಯಿಗೆ ಸಾಮಾನ್ಯವಾಗಿ ಆರು ತಿಂಗಳು, ದಿನಾ ಇದೇ ಕೆಲಸ ಇತ್ತು. ಕಹಿ ಮಾತ್ರೆ ಮುರಿಯಬೇಕು, ಪುಡಿ ಮಾಡಬೇಕು, ಮಗು ಅತ್ತರೂ ಕುಡಿಸಬೇಕು. ಸರಿಯಾದ ಪ್ರಮಾಣದ ಮಕ್ಕಳ ಮಾತ್ರೆ ಬಂದಿದ್ದು 2015ರ ಕೊನೆಗೆ. ರಿಫಾಂಪಿಸಿನ್ 75, ಐಸೋನಿಯಾಜಿಡ್ 50, ಪೈರಾಜಿನಮೈಡ್ 150 ಮಿಲಿಗ್ರಾಂ, ಮೂರೂ ಒಂದೇ ಮಾತ್ರೆಯಲ್ಲಿ, ನೀರಿಗೆ ಹಾಕಿದರೆ ಕರಗುತ್ತದೆ, ಹಣ್ಣಿನ ರುಚಿ ಬೇರೆ. ಮರುವರ್ಷ ಕೀನ್ಯಾ ಅದನ್ನು ದೇಶಕ್ಕೆಲ್ಲ ತಂದಿತು, ಎಲ್ಲರಿಗಿಂತ ಮೊದಲು. ಔಷಧಿಗಳೇನೂ ಹೊಸವಲ್ಲ, ದಶಕಗಳಷ್ಟು ಹಳೆಯವು. ಮಕ್ಕಳ ಅಳತೆಗೆ ಮಾಡಲು ಇಷ್ಟು ವರ್ಷ ಬೇಕಾಯಿತು ಅಂದರೆ ನನಗೆ ಸಿಟ್ಟು ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಅಗತ್ಯ ಔಷಧಿಗಳ ಮೊದಲ ಪಟ್ಟಿ ಮಾಡಿದ್ದು 1977ರಲ್ಲಿ, ಮಕ್ಕಳಿಗೇ ಅಂತ ಪಟ್ಟಿ ಬಂದಿದ್ದು 2007ರಲ್ಲಿ!

ಎಚ್‌ಐವಿ ಕಥೆ ಇನ್ನೂ ಕಷ್ಟದ್ದು. ಆಫ್ರಿಕಾದ ಎಷ್ಟೋ ಮಕ್ಕಳು ಕುಡಿಯುತ್ತಿದ್ದ ಲೋಪಿನಾವಿರ್ ಸಿರಪ್ ವಿಪರೀತ ಕಹಿ, ಅದರಲ್ಲಿ ಶೇಕಡ 42ರಷ್ಟು ಆಲ್ಕೋಹಾಲ್, ಜೊತೆಗೆ ತಂಪಿನಲ್ಲಿಡಬೇಕು. ಕರೆಂಟೇ ಇಲ್ಲದ ಊರಿನಲ್ಲಿ ಫ್ರಿಜ್ ಎಲ್ಲಿಂದ ತರುವುದು? 2021ರಲ್ಲಿ ನೀರಿನಲ್ಲಿ ಕರಗುವ, ಸ್ಟ್ರಾಬೆರಿ ರುಚಿಯ 10 ಮಿಲಿಗ್ರಾಂ ಡೊಲುಟೆಗ್ರಾವಿರ್ ಅನ್ನೋ ಮಕ್ಕಳ ಎಚ್‌ಐವಿ ಮಾತ್ರೆ ಕೆಲವು ದೇಶಗಳಿಗೆ ತಲುಪಿತು. ಅದನ್ನು ತಯಾರಿಸುವವರಲ್ಲಿ ಮುಂಬೈನ ಮ್ಯಾಕ್ಲಿಯಡ್ಸ್ ಕಂಪನಿ ಕೂಡ ಇದೆ. ಒಂದು ಮಗುವಿನ ಇಡೀ ಚಿಕಿತ್ಸೆಗೆ ವರ್ಷಕ್ಕೆ 480 ಡಾಲರ್‌ಗಿಂತ ಜಾಸ್ತಿ ಆಗುತ್ತಿದ್ದದ್ದು 120ಕ್ಕಿಂತ ಕೆಳಗಿಳಿಯುವಂತೆ ಬೆಲೆ ಮಾತಾಡಿದ್ದರು.

ಆದರೂ ಅದೇ ವರ್ಷ ಪ್ರಪಂಚದಲ್ಲಿ ಎಚ್‌ಐವಿ ಇರುವ ದೊಡ್ಡವರಲ್ಲಿ ಶೇಕಡ 76 ಜನರಿಗೆ ಔಷಧಿ ಸಿಗುತ್ತಿತ್ತು, ಮಕ್ಕಳಲ್ಲಿ ಬರೀ 52. ಮಾತ್ರೆ ಬಂದರೂ ಯಾಕೆ ಹೀಗೆ? ಸೋಂಕಿದೆ ಅಂತ ಮೊದಲು ಗೊತ್ತಾಗಬೇಕಲ್ವಾ. ತಾಯಿಯಿಂದ ಬಂದ ಪ್ರತಿಕಾಯಗಳು, ಅಂದರೆ ಸೋಂಕಿನ ವಿರುದ್ಧ ದೇಹ ಮಾಡಿಕೊಳ್ಳುವ ಪ್ರೋಟೀನ್‌ಗಳು, ಕೂಸಿನ ರಕ್ತದಲ್ಲಿ ಒಂದೂವರೆ ವರ್ಷದವರೆಗೂ ಉಳಿಯಬಹುದು, ಹಾಗಾಗಿ ಬೆರಳು ಚುಚ್ಚಿ ಆ ಪ್ರತಿಕಾಯಗಳನ್ನೇ ಹುಡುಕುವ ಮಾಮೂಲಿ ಪರೀಕ್ಷೆಯಿಂದ ಖಚಿತ ಹೇಳಲಾಗದು. ವೈರಸ್ಸನ್ನೇ ಹುಡುಕುವ ಬೇರೆ ಪರೀಕ್ಷೆ ಬೇಕು. ಅದರ ಯಂತ್ರ ಎಲ್ಲ ಆಸ್ಪತ್ರೆಗಳಲ್ಲಿ ಇರುವುದಿಲ್ಲ. ರಕ್ತದ ಹನಿಯನ್ನು ಕಾಗದದ ಮೇಲೆ ಒಣಗಿಸಿ ದೂರದ ಲ್ಯಾಬಿಗೆ ಕಳಿಸುತ್ತಾರೆ. ವರದಿ ಬರುವಷ್ಟರಲ್ಲಿ ತಾಯಿ ಮತ್ತೆ ಆಸ್ಪತ್ರೆಗೆ ಬಂದಿರುತ್ತಾಳೋ ಇಲ್ಲವೋ.